ಕಸಿ ಮಾಡಿದ ಅಪ್ಪೆ ಗಿಡದಲ್ಲಿ ಪರಿಮಳವೇ ಇಲ್ಲ: ಬೇರಿನ ಡಿಎನ್‌ಎ ಮೇಲೆ ಹತ್ತುತ್ತದಾ?

ಹೊಳೆಬದಿ ಮನೆ, ಶಿರಸಿ ತಾಲೂಕು
ಮೇ 18, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಆಯಿತು, ದಯವಿಟ್ಟು ಪೂರ್ತಿ ಓದಿ.

ನಮ್ಮ ತೋಟದ ಕೆಳಗೆ ಅಘನಾಶಿನಿ ಹೊಳೆಗೆ ಬಾಗಿಕೊಂಡು ಒಂದು ಅಪ್ಪೆ ಮರ, ಅಂದರೆ ಉಪ್ಪಿನಕಾಯಿ ಮಿಡಿಯ ಪರಿಮಳದ ಮಾವಿನ ಮರ ಇದೆ. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗಲೇ ಅದು ದೊಡ್ಡ ಮರವಂತೆ. ಅತ್ತೆಗೆ ಈಗ 78. ಮಿಡಿ ಉದ್ದುದ್ದ, ತೊಟ್ಟು ಗಟ್ಟಿ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಕೈ ಎಷ್ಟು ತೊಳೆದರೂ ಮರುದಿನದವರೆಗೆ ಘಮ ಹೋಗುವುದಿಲ್ಲ. ಉಪ್ಪಿನಕಾಯಿ ಮೂರು ವರ್ಷ ಇಟ್ಟರೂ ಮಿಡಿ ಮೆತ್ತಗಾಗಿಲ್ಲ. ಹೋದ ಮಳೆಗಾಲದಲ್ಲಿ ದರೆ ಕುಸಿದು ಮರದ ಅರ್ಧ ಬೇರು ಹೊರಗೆ ಬಂದಿದೆ. ಇನ್ನೊಂದು ದೊಡ್ಡ ನೆರೆ ಬಂದರೆ ಮರ ಹೊಳೆಯ ಪಾಲು. ಅತ್ತೆ ದಿನಾ ಸಂಜೆ ಇಳಿದು ಹೋಗಿ ಅದರ ಹತ್ತಿರ ಸ್ವಲ್ಪ ಹೊತ್ತು ನಿಂತು ಬರುತ್ತಾರೆ.

ಒಂದಲ್ಲ ಒಂದು ದಿನ ಹೀಗಾಗುತ್ತದೆ ಅಂತ ಅನಿಸಿ ಹತ್ತು ವರ್ಷದ ಹಿಂದೆ ಎರಡು ಕೆಲಸ ಮಾಡಿದ್ದೆವು. ಕೊಯ್ಯದೆ ಬಿಟ್ಟ ನಾಲ್ಕು ಕಾಯಿ ಮರದಲ್ಲೇ ಹಣ್ಣಾದ ಮೇಲೆ ಅದರ ವಾಟೆ (ಗೊರಟು) ಹಾಕಿ ಗಿಡ ಮಾಡಿದ್ದು ಒಂದು. ಅದೇ ಮರದ ಕಡ್ಡಿ ಕೊಟ್ಟು ಒಂದು ನರ್ಸರಿಯಲ್ಲಿ ಕಸಿ ಕಟ್ಟಿಸಿ ತಂದದ್ದು ಇನ್ನೊಂದು. ಕಸಿ ಗಿಡ ಬದುಕಿದ್ದು ಒಂದೇ.

ವಾಟೆ ಗಿಡ ಈ ವರ್ಷ ಮೊದಲ ಸಲ ಮಿಡಿ ಬಿಟ್ಟಿತು. ಗುಂಡಗೆ, ಬರೀ ಹುಳಿ. ಅದು ಹಾಗಾಗಬಹುದು ಅಂತ ಅತ್ತೆ ಮೊದಲೇ ಹೇಳಿದ್ದರು, ಬೇಜಾರಾಗಲಿಲ್ಲ. ಬೇಜಾರಾಗಿದ್ದು ಕಸಿ ಗಿಡದಿಂದ. ಅದರಲ್ಲೂ ಕಾಡುಮಾವಿನ ವಾಸನೆ! ನಮ್ಮ ಮರದ ಗುರುತೇ ಇಲ್ಲ.

ನಮ್ಮ ಮನೆಯವರು ಹೇಳುವುದು: "ಬೇರು ಕಾಡುಮಾವಿನದು. ನೀರು, ಗೊಬ್ಬರದ ಜೊತೆ ಅದರ ಡಿಎನ್‌ಎಯೂ ಮೇಲೆ ಹತ್ತಿ ಕಾಯಿಗೆ ಸೇರಿದೆ." ಮಗಳು ಎರಡನೇ ಪಿಯುಸಿ. "ಡಿಎನ್‌ಎ ಹಾಗೆಲ್ಲ ಓಡಾಡಲ್ಲ" ಅನ್ನುತ್ತಾಳೆ, ಆದರೆ ಹಾಗಿದ್ದರೆ ಪರಿಮಳ ಎಲ್ಲಿ ಹೋಯಿತು ಅಂತ ಕೇಳಿದರೆ ಅವಳಲ್ಲಿ ಉತ್ತರ ಇಲ್ಲ. ಅತ್ತೆ ಮಾತ್ರ "ಬೇರು ಯಾವ್ದಾದ್ರೂ ಅಡ್ಡಿಲ್ಲೆ, ಕಣ್ಣು ನಮ್ಮ ಮರದ್ದಾಗಿರವು" ಅಂತ ಹಟ ಹಿಡಿದು ಕೂತಿದ್ದಾರೆ.

ಮಳೆ ಹಿಡಿಯುತ್ತಿದ್ದ ಹಾಗೆ ಮತ್ತೆ ಕಸಿ ಕಟ್ಟಬೇಕು ಅಂತಿದ್ದೇವೆ. ಬೇರಿನ ಗುಣ ಮೇಲೆ ಬರುವುದೇ ಹೌದಾದರೆ ಮತ್ತೆ ಹತ್ತು ವರ್ಷ ಕಳೆದುಕೊಳ್ಳುತ್ತೇವೆ, ಅಷ್ಟರಲ್ಲಿ ಮರ ಇರುವುದಿಲ್ಲ. ಪರಿಮಳ ಅನ್ನುವುದು ಗಿಡದ ಒಳಗೆ ನಿಜಕ್ಕೂ ಎಲ್ಲಿ, ಹೇಗೆ ಹುಟ್ಟುತ್ತದೆ? ತಿಳಿದವರು ಬಿಡಿಸಿ ಹೇಳಿ.

---

ಕಸಿ ಕತ್ತಿ, ಕುಮಟಾ
ಮೇ 18, ರಾತ್ರಿ 10:25

ಡಿಎನ್‌ಎ ವಿಷಯ ಓದಿದವರು ಹೇಳಲಿ. ನಾನು ಕಸಿ ಕಟ್ಟಲು ಶುರುಮಾಡಿ 22 ವರ್ಷ ಆಯಿತು. ಒಂದೇ ಮರದ ಕಡ್ಡಿಯನ್ನು ಹತ್ತಾರು ತರದ ಬೇರಿಗೆ ಕಟ್ಟಿದ್ದೇನೆ. ಒಂದು ಗಿಡ ಜೋರಾಗಿ ಎದ್ದಿದೆ, ಇನ್ನೊಂದು ಕುಳ್ಳಗೆ ಉಳಿದಿದೆ, ಒಂದು ಬೇಗ ಬಿಟ್ಟಿದೆ, ಇನ್ನೊಂದು ತಡ ಮಾಡಿದೆ. ಪರಿಮಳ ಕೆಟ್ಟದ್ದು ಮಾತ್ರ ನಾನು ಕಂಡಿಲ್ಲ. ನೀವು ಆ ಗಿಡದ ಬುಡದ ಫೋಟೋ ಹಾಕಿ. ನೆಲದಿಂದ ಒಂದು ಗೇಣಿನವರೆಗೆ ಕಂಡರೆ ಸಾಕು. ಕಸಿಯ ಗಂಟು ಎಲ್ಲಿದೆ ಅಂತ ನೋಡಬೇಕು.

---

ಅಂಕೋಲೆಯ ಮೇಷ್ಟ್ರು, ಈಗ ಕಾರವಾರ
ಮೇ 19, ಬೆಳಿಗ್ಗೆ 6:10

ನಿನ್ನೆ ರಾತ್ರಿಯೇ ಓದಿದೆ, ನಿದ್ದೆ ಬರಲಿಲ್ಲ. ನಮ್ಮ ಹಿತ್ತಲಲ್ಲಿ ಅಜ್ಜಿ ನೆಟ್ಟ ಕರಿ ಇಶಾಡು ಮಾವಿನ ಮರ ಇತ್ತು. ಗಾಳಿಗೆ ಬಿತ್ತು. ಅದರ ಒಂದು ಕಡ್ಡಿಯನ್ನೂ ನಾವು ಉಳಿಸಿಕೊಂಡಿರಲಿಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನ ಮನೆಯಲ್ಲೇ ಹೀಗಾಯಿತು. ಹಾಗಾಗಿ ನಿಮಗೆ ಉದ್ದಕ್ಕೇ ಬರೆಯುತ್ತೇನೆ.

ಸೊನೆಯಿಂದ ಶುರುಮಾಡೋಣ. ಅತ್ತೆಯವರು ಉಪ್ಪಿನಕಾಯಿಗೆ ಸೊನೆ ಹಿಡಿದಿಡುವವರೇ ಇರಬೇಕು. ಮುಂದಿನ ಮಿಡಿ ಕಾಲದಲ್ಲಿ ಅದನ್ನು ಸಣ್ಣ ಗಾಜಿನ ಲೋಟದಲ್ಲಿ ಹಿಡಿದು ಅಲುಗಾಡಿಸದೆ ಬಿಡಿ. ಎರಡು ಪದರ ಆಗುತ್ತದೆ. ಮೇಲೆ ಎಣ್ಣೆಯಂಥದ್ದು, ಕೆಳಗೆ ನೀರಿನಂಥದ್ದು. ಘಮ ಇರುವುದು ಮೇಲಿನ ಪದರದಲ್ಲಿ. ಅಲ್ಲಿರುವುದು ಟರ್ಪೀನ್ ಅನ್ನುವ ಜಾತಿಯ ವಸ್ತುಗಳು. ಮಾವಿನಲ್ಲಿ ಕಾಣುವ ಮಿರ್ಸೀನ್, ಲಿಮೊನೀನ್, ಒಸಿಮೀನ್, ಕ್ಯಾರೀನ್ ಈ ನಾಲ್ಕನ್ನೂ ತೆಗೆದುಕೊಳ್ಳಿ. ಪ್ರತಿಯೊಂದರ ಅಣುವಿನಲ್ಲೂ ಇಂಗಾಲ 10, ಜಲಜನಕ 16. ಒಂದು ಪರಮಾಣು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಬಾಗಿದ ರೀತಿ, ಜೋಡಣೆ ಬೇರೆ, ಅಷ್ಟೇ. ಆ ಬಾಗುವಿಕೆಗೇ ಒಂದು ನಿಂಬೆಯ ಕಡೆಗೆ, ಇನ್ನೊಂದು ಬೇರೊಂದು ಕಡೆಗೆ ವಾಸನೆ ಕೊಡುತ್ತದೆ. ಯಾವುದು ಎಷ್ಟು ಪಾಲು ಸೇರಿದೆ ಅನ್ನುವುದರ ಮೇಲೆ ಒಂದು ಮರ ಜೀರಿಗೆ ಅಪ್ಪೆ ಆಗುತ್ತದೆ, ಇನ್ನೊಂದು ಅನಂತಭಟ್ಟನ ಅಪ್ಪೆ ಆಗುತ್ತದೆ.

ಈ ಸೊನೆ ಬೇರಿನಿಂದ ಹತ್ತಿ ಬಂದದ್ದಲ್ಲ. ಕಾಯಿಯ ಸಿಪ್ಪೆಯೊಳಗೆ, ತೊಟ್ಟಿನೊಳಗೆ ಕೂದಲೆಳೆಯಂಥ ನಾಳಗಳಿವೆ. ಆ ನಾಳದ ಒಳಗೋಡೆಗೆ ಹಾಸಿಕೊಂಡ ಜೀವಕೋಶಗಳು ಟರ್ಪೀನನ್ನು ಅಲ್ಲೇ ತಯಾರಿಸಿ ನಾಳಕ್ಕೆ ಸುರಿಯುತ್ತವೆ. ನಾಳದಲ್ಲಿ ಒತ್ತಡ ಇರುವುದರಿಂದ ತೊಟ್ಟು ಮುರಿದಾಗ ಚಿಮ್ಮುತ್ತದೆ. ಅಂದರೆ ನಿಮ್ಮ ಪರಿಮಳದ ಕಾರ್ಖಾನೆ ಕಾಯಿಯಲ್ಲೇ ಇದೆ. ಬೇರಿನಿಂದ ಅದಕ್ಕೆ ಬರುವುದು ನೀರು ಮತ್ತು ಉಪ್ಪಿನಂಶ.

ಹಾಗಾದರೆ ಆ ಜೀವಕೋಶಕ್ಕೆ ಯಾವ ಟರ್ಪೀನ್ ಮಾಡಬೇಕು ಅಂತ ಹೇಳುವವರು ಯಾರು? ಇಲ್ಲಿ ಡಿಎನ್‌ಎ ಬರುತ್ತದೆ. ಮಾವಿನ ಪ್ರತಿ ಜೀವಕೋಶದ ನಡುವೆ ಇರುವ ಕೋಶಕೇಂದ್ರದಲ್ಲಿ 40 ವರ್ಣತಂತುಗಳಿವೆ: 20 ತಾಯಿಮರದಿಂದ, 20 ಪರಾಗ ಕೊಟ್ಟ ಮರದಿಂದ. ಒಂದೊಂದು ವರ್ಣತಂತುವೂ ಎರಡೆಳೆ ಹೊಸೆದ ಒಂದು ಉದ್ದನೆಯ ಡಿಎನ್‌ಎ. ಅದರ ಬರವಣಿಗೆಯಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಆ ಬರವಣಿಗೆಯಲ್ಲಿ ಒಂದು ಪ್ರೋಟೀನಿಗೆ ಬೇಕಾದ ಭಾಗವನ್ನು ಜೀನ್ ಅನ್ನುತ್ತೇವೆ.

ಈ ಡಿಎನ್‌ಎ ಸಾಮಾನ್ಯವಾಗಿ ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಮನೆಯವರಿಗೆ ಇದೊಂದು ಮಾತು ತಲುಪಿಸಿ. ಪಕ್ಕದ ಜೀವಕೋಶಕ್ಕೂ ಹೋಗದ್ದು ಬೇರಿನಿಂದ ಕೊಂಬೆಯ ತುದಿಗೆ ಹತ್ತುವುದು ಎಲ್ಲಿಯ ಮಾತು? ಹೊರಗೆ ಬರುವುದು ಅದರ ನಕಲು, ಆರ್‌ಎನ್‌ಎ. ಬೇಕಾದ ಜೀನಿನ ಹತ್ತಿರ ಎರಡೆಳೆ ಬಿಚ್ಚಿಕೊಂಡು, ಒಂದೆಳೆಯ ಎದುರು ಆರ್‌ಎನ್‌ಎ ನಕಲು ಬೆಳೆಯುತ್ತದೆ. ನಕಲಿನಲ್ಲಿ ಟಿ ಬದಲು ಯು ಇರುತ್ತದೆ. ಅದರೊಳಗಿನ ಬೇಡದ ತುಂಡುಗಳನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ ಹೊರಗೆ ಕಳಿಸಿದರೆ ಅಲ್ಲಿ ರೈಬೋಸೋಮ್ ಕಾದಿರುತ್ತದೆ. ಅದು ಮೂರು ಮೂರು ಅಕ್ಷರ ಓದಿ, ಪ್ರತಿ ಮೂರಕ್ಕೆ ಒಂದು ಅಮೈನೊ ಆಮ್ಲ ಪೋಣಿಸುತ್ತದೆ. ನಾಲ್ಕು ಅಕ್ಷರದಲ್ಲಿ ಮೂರರ ಜೋಡಣೆ 64 ಬಗೆ. ಎಯುಜಿ ಬಂದರೆ ಶುರು. ಮೂರು ಬಗೆಯವು 'ಇಲ್ಲಿಗೆ ನಿಲ್ಲಿಸು' ಅನ್ನುತ್ತವೆ. ಉಳಿದವೆಲ್ಲ 20 ಅಮೈನೊ ಆಮ್ಲಗಳಿಗೆ ಹಂಚಿಕೆಯಾಗಿವೆ. ಈ ಲಿಪಿಯ ಮೊದಲ ಪದ ಬಿಡಿಸಿದ್ದು 1961ರಲ್ಲಿ, ಮಾರ್ಷಲ್ ನೀರೆನ್‌ಬರ್ಗ್ ಮತ್ತು ಮ್ಯಾಥೈ: ಯುಯುಯು ಅಂದರೆ ಫಿನೈಲ್‌ಅಲನಿನ್. ಉಳಿದ ಪದಗಳನ್ನು ಓದುವುದರಲ್ಲಿ ನಮ್ಮ ಹರಗೋಬಿಂದ ಖುರಾನರ ಕೈ ದೊಡ್ಡದು. ಬೇಕಾದ ಅನುಕ್ರಮದ ಆರ್‌ಎನ್‌ಎಯನ್ನೇ ಅವರು ತಯಾರಿಸಿ ಪರೀಕ್ಷೆ ಮಾಡಿದರು. 1968ರ ನೊಬೆಲ್ ಅವರಿಗೆ, ನೀರೆನ್‌ಬರ್ಗ್‌ಗೆ ಮತ್ತು ರಾಬರ್ಟ್ ಹಾಲಿಗೆ. ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ 2009ರ ನೊಬೆಲ್ ಪಡೆದ ಮೂವರಲ್ಲಿ ವೆಂಕಿ ರಾಮಕೃಷ್ಣನ್ ಒಬ್ಬರು. ಪಾಠದಲ್ಲಿ ಈ ಎರಡು ಹೆಸರು ಬರುವ ದಿನ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಈಗ ನಿಮ್ಮ ಮಿಡಿಯ ಒಳಗೆ ಬನ್ನಿ. ಟರ್ಪೀನ್ ತಯಾರಿಸುವ ಪ್ರೋಟೀನ್, ಅಂದರೆ ಕಿಣ್ವ, ಸುಮಾರು 600 ಅಮೈನೊ ಆಮ್ಲಗಳ ಸರ. ರೈಬೋಸೋಮ್ ಸೆಕೆಂಡಿಗೆ ಐದರಂತೆ ಪೋಣಿಸಿದರೆ ಒಂದು ಸರಕ್ಕೆ ಎರಡು ನಿಮಿಷ. ಒಂದು ಕವಳ (ಎಲೆಅಡಿಕೆ) ಹಾಕಿಕೊಳ್ಳುವಷ್ಟು ಹೊತ್ತು. ಸರ ಸರವಾಗಿಯೇ ಉಳಿಯುವುದಿಲ್ಲ. ಎಣ್ಣೆಯ ಸ್ವಭಾವದ ಮಣಿಗಳು ನೀರಿನಿಂದ ತಪ್ಪಿಸಿಕೊಂಡು ಒಳಗೆ ಸೇರಿಕೊಳ್ಳುತ್ತವೆ, ನೀರು ಮೆಚ್ಚುವವು ಹೊರಗೆ ಉಳಿಯುತ್ತವೆ, ಹಾಗೆ ಇಡೀ ಸರ ಮುದುಡಿ ಗಟ್ಟಿ ಆಕಾರಕ್ಕೆ ಬರುತ್ತದೆ. ನಡುವೆ ಒಂದು ಸಣ್ಣ ಗೂಡು ಉಳಿಯುತ್ತದೆ. ಜೆರನೈಲ್ ಡೈಫಾಸ್ಫೇಟ್ ಅನ್ನುವ ಹತ್ತು ಇಂಗಾಲದ ಉದ್ದನೆಯ ಕಚ್ಚಾವಸ್ತು ಆ ಗೂಡಿನೊಳಗೆ ಹೊಕ್ಕು, ಗೂಡಿನ ಆಕಾರಕ್ಕೆ ತಕ್ಕಂತೆ ಬಾಗಿ, ಲಿಮೊನೀನ್ ಆಗಿಯೋ ಮಿರ್ಸೀನ್ ಆಗಿಯೋ ಹೊರಗೆ ಬರುತ್ತದೆ. ಗೂಡಿನ ಗೋಡೆಯಲ್ಲಿ ಒಂದೆರಡು ಮಣಿ ಬೇರೆಯಾದರೆ ಬಾಗುವ ರೀತಿ ಬೇರೆ, ಪರಿಮಳ ಬೇರೆ. ಡಿಎನ್‌ಎಯ ಒಂದಕ್ಷರದ ವ್ಯತ್ಯಾಸ ಮೂಗಿಗೆ ತಲುಪುವ ದಾರಿ ಇದು.

ಮಗಳಿಗೆ ಇನ್ನೊಂದು ಸಂಶಯ ಬರಬಹುದು. ಎಲ್ಲ ಜೀವಕೋಶದಲ್ಲೂ ಅದೇ 40 ವರ್ಣತಂತು ಇದ್ದ ಮೇಲೆ ಪ್ರತಿ ಜೀವಕೋಶವೂ ಸೊನೆ ಯಾಕೆ ತಯಾರಿಸುವುದಿಲ್ಲ? ಯಕ್ಷಗಾನ ನೋಡುವವರಿಗೆ ಇದು ಸುಲಭ. ಪ್ರಸಂಗದ ಪುಸ್ತಕ ಒಂದೇ, ಆ ಹೊತ್ತಿಗೆ ಯಾವ ಪದ್ಯ ಎತ್ತಬೇಕು ಅನ್ನುವುದು ಭಾಗವತರ ಕೈಯಲ್ಲಿದೆ. ಜೀವಕೋಶದಲ್ಲಿ ಆ ಕೆಲಸವನ್ನೂ ಪ್ರೋಟೀನ್‌ಗಳೇ ಮಾಡುತ್ತವೆ. ಜೀನಿನ ಹತ್ತಿರದ ಡಿಎನ್‌ಎಗೆ ಹೋಗಿ ಕೂತು, ಇದನ್ನು ಓದು, ಇದನ್ನು ಬಿಡು ಅನ್ನುತ್ತವೆ.

ಕಸಿಯ ಗಂಟಿನಲ್ಲಿ ಏನಾಗುತ್ತದೆ? ಗಾಯದ ಎರಡೂ ಕಡೆಯ ಜೀವಕೋಶಗಳು ವಿಭಜನೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ನೀರಿನ ನಾಳಕ್ಕೆ ನೀರಿನ ನಾಳ, ಸಕ್ಕರೆಯ ನಾಳಕ್ಕೆ ಸಕ್ಕರೆಯ ನಾಳ ಕೂಡುತ್ತದೆ. ಆದರೆ ಗಂಟಿನ ಕೆಳಗಿನ ಜೀವಕೋಶ ಕೊನೆತನಕ ಕಾಡುಮಾವಿನದು, ಮೇಲಿನದು ನಿಮ್ಮ ಅಪ್ಪೆಯದು. ಎರಡು ಮನೆಯವರು ಒಂದೇ ಬಾವಿಯ ನೀರು ಕುಡಿದಂತೆ. ಪೂರ್ತಿ ನಿಜ ಹೇಳಬೇಕೆಂದರೆ, 2009ರಲ್ಲಿ ಜರ್ಮನಿಯಲ್ಲಿ ತಂಬಾಕು ಗಿಡಗಳನ್ನು ಕಸಿ ಕಟ್ಟಿ ನೋಡಿದಾಗ ಹರಿತ್ತಿನ ಕಣಗಳ (ಎಲೆಗೆ ಹಸಿರು ಕೊಡುವ ಈ ಕಣಗಳಲ್ಲೂ ತಮ್ಮದೇ ಸ್ವಲ್ಪ ಡಿಎನ್‌ಎ ಇದೆ) ಜೀನ್‌ಗಳು ಗಂಟಿನ ಜಾಗದಲ್ಲಿ ಆಚೀಚೆ ದಾಟಿದ್ದು ಕಂಡಿತು. ಆದರೆ ಗಂಟಿನ ಆಸುಪಾಸಿನಲ್ಲಿ ಮಾತ್ರ, ಕೊಂಬೆಗೆ ಹೋಗಲಿಲ್ಲ.

ಯಜಮಾನರ ಮಾತು ಪೂರ್ತಿ ತಪ್ಪು ಅಂತಲೂ ನಾನು ಹೇಳುವುದಿಲ್ಲ. ಸಕ್ಕರೆಯ ನಾಳದಲ್ಲಿ ಹಾರ್ಮೋನು, ಸಣ್ಣ ಆರ್‌ಎನ್‌ಎ, ಕೆಲವು ಪ್ರೋಟೀನ್‌ಗಳು ಗಂಟು ದಾಟಿ ಓಡಾಡುತ್ತವೆ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಾಖ್ಯಾನ್, ಹೂ ಬಿಡಿಸುವ ಒಂದು ಸಂದೇಶ ಎಲೆಯಲ್ಲಿ ಹುಟ್ಟಿ ತುದಿಗೆ ಹೋಗುತ್ತದೆ ಅಂತ ಹೇಳಿದರು. ಅದು ಕಸಿಯ ಗಂಟನ್ನೂ ದಾಟುತ್ತದೆ ಅಂತ ಗೊತ್ತಾಗಿತ್ತು. ಆ ಸಂದೇಶ ಎಫ್‌ಟಿ ಅನ್ನುವ ಸಣ್ಣ ಪ್ರೋಟೀನು ಅಂತ ಖಚಿತವಾಗಲು 2007ರವರೆಗೆ ಕಾಯಬೇಕಾಯಿತು. ಕುಮಟಾದವರು ಕಂಡ ಎತ್ತರ, ಕುಳ್ಳು, ಬೇಗ, ತಡ ಎಲ್ಲ ಈ ಬಗೆಯ ಕೊಡುಕೊಳ್ಳುವಿಕೆಯಿಂದ, ನೀರು ಗೊಬ್ಬರದ ಹೆಚ್ಚು ಕಡಿಮೆಯಿಂದ. ಕಿಣ್ವದ ಗೂಡಿನ ಆಕಾರ ಬರೆದಿರುವ ಪುಟ ಮಾತ್ರ ಅಪ್ಪೆಯ ಜೀವಕೋಶದಲ್ಲೇ ಇದೆ. ಅದನ್ನು ಬೇರು ತಿದ್ದಲಾರದು.

ವಾಟೆ ಗಿಡದ ಕತೆ ಬೇರೆ. ವಾಟೆಯೊಳಗಿನ ಭ್ರೂಣಕ್ಕೆ ನಿಮ್ಮ ಮರ ಕೊಟ್ಟದ್ದು ಅರ್ಧ, ಅದೂ ಕಲಸಿ ಕೊಟ್ಟದ್ದು. ಇನ್ನರ್ಧ ನೊಣವೋ ಹುಳವೋ ಯಾವ ಮರದ ಹೂವಿನಿಂದ ತಂದಿತೋ ಅದರದ್ದು. ಅದು ನಿಮ್ಮ ಮರದ ಮಗು, ನಿಮ್ಮ ಮರವಲ್ಲ.

ಹಾಗಿದ್ದ ಮೇಲೆ ಕಸಿ ಗಿಡ ಯಾಕೆ ಕೆಟ್ಟಿತು? ನನ್ನ ಅನುಮಾನವೂ ಕುಮಟಾದವರದ್ದೇ. ಬುಡ ನೋಡಿ.

---

ಹೊಳೆಬದಿ ಮನೆ, ಶಿರಸಿ ತಾಲೂಕು
ಮೇ 19, ಸಂಜೆ 6:50

ಮೇಷ್ಟ್ರೇ, ನಿಮ್ಮ ಉತ್ತರವನ್ನು ಮಗಳು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದಳು. ಕವಳದ ಲೆಕ್ಕ ಬಂದಾಗ ಅತ್ತೆ ಎರಡನೇ ಸಲ ಓದಿಸಿದರು.

ಮಧ್ಯಾಹ್ನ ಎಲ್ಲರೂ ಗಿಡದ ಹತ್ತಿರ ಹೋದೆವು. ಬುಡದ ದರಕು, ಹುಲ್ಲು ಸರಿಸಿದರೆ ನೆಲದಿಂದ ನಾಲ್ಕು ಬೆರಳು ಮೇಲೆ ಒಂದು ಗಂಟು. ಗಂಟಿನ ಮೇಲೆ ಹೆಬ್ಬೆರಳಿನಷ್ಟು ಉದ್ದದ ಒಣಗಿದ ಮೋಟು, ಮುಟ್ಟಿದರೆ ಪುಡಿಯಾಗುತ್ತದೆ, ಒಳಗೆ ಇರುವೆ ಗೂಡು. ಈಗಿರುವ ಇಡೀ ಗಿಡ ಗಂಟಿನ ಕೆಳಗಿನಿಂದ, ಪಕ್ಕದಿಂದ ಎದ್ದು ಸೆಟೆದು ನಿಂತಿದೆ. ಫೋಟೋ ಹಾಕಿದ್ದೇನೆ.

ಅತ್ತೆ ಅದರದ್ದೊಂದು ಎಲೆ, ಹೊಳೆಬದಿಯ ಮರದ್ದೊಂದು ಎಲೆ ಎರಡೂ ಕೈಯಲ್ಲಿ ಹಿಸುಕಿ ಮೂಸಿದರು. ಆಮೇಲೆ ನಮ್ಮ ಮೂಗಿಗೂ ಹಿಡಿದರು. ಎಲೆಯಲ್ಲೇ ಗೊತ್ತಾಗುತ್ತದೆ! ಎಂಟು ಹತ್ತು ವರ್ಷದಿಂದ ನಾವು ನೀರು ಹೊತ್ತು ಸಾಕಿದ್ದು ಬೇರಿನ ಗಿಡವನ್ನೇ. ಬರೀ ಒಂದು ಎಲೆ ಹಿಸುಕಿ ನೋಡಿದ್ದರೆ ಮೊದಲ ವರ್ಷವೇ ತಿಳಿಯುತ್ತಿತ್ತು ಅಂತ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ.

---

ಕಸಿ ಕತ್ತಿ, ಕುಮಟಾ
ಮೇ 19, ರಾತ್ರಿ 8:05

ಫೋಟೋ ನೋಡಿದೆ. ಕಡ್ಡಿ ಸತ್ತಿದೆ, ಬೇರು ಚಿಗುರಿದೆ. ಮೊದಲ ಎರಡು ವರ್ಷ ಗಂಟಿನ ಕೆಳಗೆ ಬಂದ ಚಿಗುರನ್ನು ಬಿಡದೆ ಚಿವುಟಬೇಕು, ಇಲ್ಲದಿದ್ದರೆ ಬೇರು ತನ್ನ ಚಿಗುರಿಗೇ ಅನ್ನ ಹಾಕುತ್ತದೆ, ಕಡ್ಡಿ ಉಪವಾಸ ಬೀಳುತ್ತದೆ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಕಾಡುಮಾವಿನ ವಾಟೆ ಇಂದೇ ಮರಳಿಗೆ ಹಾಕಿ, ನಲವತ್ತು ಐವತ್ತಾದರೂ ಇರಲಿ. ಮೊಳಕೆ ಎದ್ದು ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವಾಗ, ಹತ್ತು ಹದಿನೈದು ದಿನದ ಸಸಿಗೆ ಕಟ್ಟಬೇಕು. ಹೊಳೆಬದಿ ಮರದಲ್ಲಿ ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲ್ ದಪ್ಪದ ತುದಿ ಕಡ್ಡಿ ಆರಿಸಿ. ಕೊಯ್ಯುವುದಕ್ಕೆ ಒಂದು ವಾರ ಮೊದಲು, ಮರದಲ್ಲಿದ್ದಾಗಲೇ ಎಲೆ ಸವರಿಬಿಡಿ, ತೊಟ್ಟು ಮಾತ್ರ ಬಿಡಿ. ಕಣ್ಣು ಉಬ್ಬುತ್ತದೆ. ಸಸಿಯ ತಲೆ ಕತ್ತರಿಸಿ ನಡುವೆ ಎರಡು ಅಂಗುಲ ಸೀಳು, ಕಡ್ಡಿಗೆ ಅಷ್ಟೇ ಉದ್ದದ ಬೆಣೆ. ಒಂದು ಕಡೆಯಾದರೂ ತೊಗಟೆಗೆ ತೊಗಟೆ ಕೂಡಲೇಬೇಕು. ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಸಣ್ಣ ಕೊಟ್ಟೆ (ಪ್ಲಾಸ್ಟಿಕ್ ಚೀಲ) ಹಾಕಿ ಕಟ್ಟಿ. ಗಾಯಕ್ಕೆ ಸೊನೆ, ಮಳೆನೀರು ತಾಗದಂತೆ ನೋಡಿಕೊಳ್ಳಿ. ಬ್ಲೇಡು ಪ್ರತಿ ಗಿಡಕ್ಕೂ ಒರೆಸಿ.

ಬೇಕಾದರೆ ಒಂದು ಭಾನುವಾರ ನಾನೇ ಬರುತ್ತೇನೆ. ದೇವಿಮನೆ ಘಟ್ಟ ಹತ್ತಿದರೆ ಆಯಿತು.

---

ಕಾಳಿ ಸಂಗಮ, ಸದಾಶಿವಗಡ
ಮೇ 20, ಬೆಳಿಗ್ಗೆ 7:30

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮನೆಯ ಒಂದು ಮಾವಿನಲ್ಲಿ ಒಂದೇ ವಾಟೆಯಿಂದ ಮೂರು ನಾಲ್ಕು ಮೊಳಕೆ ಏಳುತ್ತವೆ, ದೊಡ್ಡವಾದ ಮೇಲೆ ಹಣ್ಣು ತಾಯಿಮರದ್ದೇ ರುಚಿ. ವಾಟೆಯಿಂದ ಗುಣ ಬರುವುದಿಲ್ಲ ಅಂದಿರಲ್ಲ, ಇದು ಹೇಗೆ?

---

ಅಂಕೋಲೆಯ ಮೇಷ್ಟ್ರು, ಈಗ ಕಾರವಾರ
ಮೇ 20, ಬೆಳಿಗ್ಗೆ 8:15

ಒಳ್ಳೆಯ ಪ್ರಶ್ನೆ. ನಾನು ಹೇಳಿದ್ದು ಒಂದು ವಾಟೆಗೆ ಒಂದೇ ಮೊಳಕೆ ಬರುವ ಮಾವಿಗೆ ಸರಿ. ನಮ್ಮ ದೇಶದ ಮಾವಿನಲ್ಲಿ ಬಹುಪಾಲು ಹಾಗೇ. ಪಶ್ಚಿಮ ಕರಾವಳಿಯ ಕೆಲವು ತಳಿಗಳಲ್ಲಿ ಮಾತ್ರ ಪರಾಗದಿಂದಾದ ಭ್ರೂಣದ ಪಕ್ಕದಲ್ಲೇ, ಅದನ್ನು ಸುತ್ತಿದ ತಾಯಿಯ ಅಂಗಾಂಶದಿಂದ ಇನ್ನಷ್ಟು ಭ್ರೂಣಗಳು ಹುಟ್ಟುತ್ತವೆ. ಅವುಗಳಿಗೆ ತಂದೆಯಿಲ್ಲ, 40ಕ್ಕೆ 40 ವರ್ಣತಂತುವೂ ತಾಯಿಯದೇ. ಕಸಿ ಕಟ್ಟದೆಯೇ ಕಸಿ ಮಾಡಿದ ಹಾಗೆ. ನಿಮ್ಮ ಮರವನ್ನು ಜೋಪಾನ ಮಾಡಿ, ಅದರ ಸಸಿಗಳು ಒಂದೇ ಸಮ ಬೆಳೆಯುವುದರಿಂದ ಬೇರಿನ ಗಿಡಕ್ಕೂ ಬಹಳ ಚೆನ್ನಾಗಿ ಒದಗುತ್ತವೆ.

ಶಿರಸಿಯವರಿಗೆ ಒಂದು ಮಾತು ಬಿಟ್ಟುಹೋಗಿತ್ತು. ಹಳೆಯ ಮರದ ಕಡ್ಡಿ ಕಟ್ಟಿದರೆ ಮತ್ತೆ ಹತ್ತು ವರ್ಷ ಕಾಯಬೇಕಿಲ್ಲ, ಮೂರು ನಾಲ್ಕು ವರ್ಷಕ್ಕೇ ಹೂ ಕಾಣಬಹುದು. ಡಿಎನ್‌ಎಯ ಅಕ್ಷರ ಸಸಿಯಲ್ಲೂ ಮುದಿಮರದಲ್ಲೂ ಒಂದೇ. ಆದರೆ ಎಳೆಯ ಗಿಡದಲ್ಲಿ ಹೂವನ್ನು ತಡೆಹಿಡಿಯುವ ಒಂದು ಸಣ್ಣ ಆರ್‌ಎನ್‌ಎ ತುಂಬಾ ಇರುತ್ತದೆ, ವಯಸ್ಸಾದಂತೆ ಇಳಿಯುತ್ತದೆ. ಬಲಿತ ಮರದ ಕಡ್ಡಿ ಆ ವಯಸ್ಸನ್ನು ಜೊತೆಯಲ್ಲೇ ತರುತ್ತದೆ.

---

ಹೊಳೆಬದಿ ಮನೆ, ಶಿರಸಿ ತಾಲೂಕು
ಜುಲೈ 6, ರಾತ್ರಿ 9:15

ಎಲ್ಲರಿಗೂ ಸುದ್ದಿ ಕೊಡಬೇಕು ಅಂತ ಕಾಯುತ್ತಿದ್ದೆ. ಕುಮಟಾದವರು ಹೇಳಿದ ಹಾಗೇ ಒಂದು ಭಾನುವಾರ ಬಂದರು. ಅಂಗಳದ ಚಪ್ಪರದ ಕೆಳಗೆ ಕೂತು ಒಂದೇ ದಿನ 36 ಗಿಡ ಕಟ್ಟಿದೆವು, ಕೊನೆಯ ಆರು ಮಗಳೇ ಕಟ್ಟಿದಳು. ಅವಳು ಕಟ್ಟಿದ್ದರಲ್ಲಿ ಎರಡು, ಅವರು ಕಟ್ಟಿದ್ದರಲ್ಲಿ 19 ಈಗ ಕಣ್ಣು ಬಿಟ್ಟಿವೆ. ಪ್ರತಿ ಗಿಡಕ್ಕೂ ಗಂಟಿನ ಜಾಗದಲ್ಲಿ ಬಿಳಿ ಬಣ್ಣ ಹಚ್ಚಿದ್ದೇವೆ, ಕೆಳಗಿನ ಚಿಗುರು ಯಾವುದು ಅಂತ ಯಾರಿಗೂ ಸಂಶಯ ಬರಬಾರದು. ಐದು ಗಿಡ ಮೇಷ್ಟ್ರ ಹೆಸರಲ್ಲಿ ಬೇರೆ ಇಟ್ಟಿದೆ, ಅಂಕೋಲೆಯ ಹಿತ್ತಲಿಗೆ.

ಹೊಳೆ ದರೆಯ ಅಂಚಿಗೆ ಬಂದಿದೆ. ಮರ ಇನ್ನೂ ನಿಂತಿದೆ.

ನಿನ್ನೆ ಮೊದಲ ಗಿಡದಲ್ಲಿ ಎರಡು ತಾಮ್ರದ ಎಲೆ ಬಿಚ್ಚಿದವು. ಅತ್ತೆ ಒಂದನ್ನು ಹಿಸುಕಿ ನೋಡಲು ಕೈ ಹಾಕಿದರು, ಮಗಳು ಬಿಡಲಿಲ್ಲ. ಕಡ್ಡಿಯಲ್ಲಿ ಉಳಿದು ಒಣಗಿ ಉದುರಿದ್ದ ಹಳೆಯ ಎಲೆತೊಟ್ಟೊಂದನ್ನು ಹೆಕ್ಕಿ ಅಜ್ಜಿಯ ಕೈಗೆ ಕೊಟ್ಟಳು. ಅತ್ತೆ ಅದನ್ನು ಉಗುರಲ್ಲಿ ಸೀಳಿ ಮೂಗಿಗೆ ಹಿಡಿದು, "ಹೌದು, ಇದೇಯ" ಅಂದರು.